ಹಳೆ ಮನೆ ಕೆಡವುವ ಮುನ್ನ ಒಂದು ಮಾತು



"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನಮ್ಮ ಕಡೆ ಈಗ ಈ ಎರಡೂ ಒಟ್ಟೊಟ್ಟಿಗೇ ಬರುತ್ತಿವೆ. ಮಗನಿಗೆ ಹೆಣ್ಣು ಗೊತ್ತಾದ ಕೂಡಲೇ ಮನೆಯಲ್ಲಿ ಏಳುವ ಮೊದಲ ಮಾತು, "ಈ ಮಣ್ಣಿನ ಮಾಳಿಗೆ ಕೆಡವಿ ಸ್ಲ್ಯಾಬಿನ ಮನೆ ಹಾಕಿಬಿಡೋಣ" ಎಂಬುದು. ಉಂಡವಳ್ಳಿ, ಆಲಂಪುರದ ಕಡೆಯಿಂದ ಗದ್ವಾಲ, ಮಕ್ತಲ, ನಾರಾಯಣಪೇಟೆಯವರೆಗೆ ಯಾವ ಊರಿಗೆ ಹೋದರೂ ಒಡೆದ ಮಣ್ಣುಗೋಡೆ, ಬೀದಿಯಲ್ಲಿ ಒಟ್ಟಿದ ಹಳೆ ತೊಲೆ, ಪಕ್ಕದಲ್ಲಿ ಮರಳು-ಕಂಕರಿನ ರಾಶಿ ಕಾಣುತ್ತವೆ.

ಹೊಸ ಮನೆ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ನಿಮ್ಮ ಅಗತ್ಯ ಎಷ್ಟು ಎಂದು ಒಮ್ಮೆ ಲೆಕ್ಕ ಹಾಕಿ. ಬಹುಪಾಲು ಮನೆಗಳಲ್ಲಿ ಬೇಕಾಗಿರುವುದು ಮಗ-ಸೊಸೆಗೆ ಒಂದು ಕೋಣೆ, ಹೊಗೆ ತುಂಬದ ಅಡುಗೆಮನೆ, ಹೆಣ್ಣುಮಕ್ಕಳಿಗೆ ಒಂದು ಬಚ್ಚಲು-ಶೌಚಾಲಯ. ಇಷ್ಟಕ್ಕಾಗಿ ಅಜ್ಜ ಕಟ್ಟಿಸಿದ ಎರಡಡಿ ದಪ್ಪದ ಗೋಡೆಯನ್ನು ಉರುಳಿಸಿ, ಬಡ್ಡಿಯ ಸಾಲ ತಲೆಗೆ ಕಟ್ಟಿಕೊಂಡು, ಮೂರು ವರ್ಷ ಹತ್ತಿ-ಮೆಣಸಿನಕಾಯಿಯ ಹಣವನ್ನೆಲ್ಲ ಅದಕ್ಕೇ ಸುರಿಯಬೇಕೆ? ಹಳೆ ಮನೆ ಉಳಿಸಿಕೊಂಡು, ಅದಕ್ಕೆ ಹೊಂದುವಂಥ ಎರಡು ಅಂಕಣವನ್ನು ಊರಿನ ಮಣ್ಣು, ಊರಿನ ಕಲ್ಲುಗಳಿಂದ ಸೇರಿಸುವುದೇ ನಮ್ಮ ಜೇಬಿಗೂ ಆರೋಗ್ಯಕ್ಕೂ ಭೂಮಿಗೂ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಹಳೆ ಮಾಳಿಗೆಯ ಗುಣ

ನಮ್ಮ ಹಿರಿಯರು ಇಂಜಿನಿಯರಿಂಗ್ ಓದಿದವರಲ್ಲ. ಆದರೂ ಏಪ್ರಿಲ್-ಮೇ ತಿಂಗಳಲ್ಲಿ 42-43 ಡಿಗ್ರಿ ಬಿಸಿಲು ಬೀಳುವ ಈ ಸೀಮೆಗೆ ತಕ್ಕ ಮನೆಯನ್ನೇ ಕಟ್ಟಿದರು. ಕಲ್ಲು-ಮಣ್ಣಿನ ದಪ್ಪ ಗೋಡೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು, ಎಲ್ಲದರ ಮೇಲೆ ಚೌಳು ಮಣ್ಣಿನ ಹೊದಿಕೆ. ಹಗಲಿನ ಬಿಸಿ ಇಂಥ ದಪ್ಪ ಗೋಡೆ ದಾಟಿ ಒಳಗೆ ಬರಲು ಹಲವು ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಹೊರಗೆ ಸಂಜೆಯ ಗಾಳಿ ಎದ್ದಿರುತ್ತದೆ. ಬೆಳಕಿಂಡಿಯಿಂದ ಒಳಗಿನ ಸೆಕೆ ಮೇಲಕ್ಕೆ ಹೊರಟುಹೋಗುತ್ತದೆ.

ನಾಲ್ಕೈದು ಅಂಗುಲದ ಬರಿಯ ಕಾಂಕ್ರೀಟು ಹೀಗಲ್ಲ. ಹಗಲೆಲ್ಲ ಕಾದು, ನಾವು ಮಲಗುವ ಹೊತ್ತಿಗೆ ಆ ಕಾವನ್ನು ಒಳಕ್ಕೆ ಬಿಡುತ್ತದೆ. ಬಿಸಿಲಿನಲ್ಲಿ ದುಡಿದು ಬಂದ ದೇಹ ರಾತ್ರಿಯಾದರೂ ತಣ್ಣಗಾಗಬೇಕು. ರಾತ್ರಿಯೂ ತಣಿಯದಿದ್ದರೆ ವಯಸ್ಸಾದವರಿಗೆ, ಬಸುರಿ-ಬಾಣಂತಿಯರಿಗೆ, ಕೂಸುಗಳಿಗೆ ಬಿಸಿಲಿನ ಹೊಡೆತ ಹೆಚ್ಚು. ತೆಲಂಗಾಣ ಸರ್ಕಾರವೇ 2023ರಲ್ಲಿ ತಂಪು ಚಾವಣಿಗಾಗಿ ಪ್ರತ್ಯೇಕ ನೀತಿಯೊಂದನ್ನು ಹೊರಡಿಸಿತು ಎಂದರೆ ಈ ತೊಂದರೆ ಎಷ್ಟು ಬೆಳೆದಿದೆ ಎಂದು ತಿಳಿಯಿರಿ.

ಭೂಮಿಯ ಲೆಕ್ಕವೂ ಇದೆ. ಜಗತ್ತಿನಲ್ಲಿ ಮನುಷ್ಯರಿಂದ ಗಾಳಿಗೆ ಸೇರುವ ಇಂಗಾಲದ ಡೈ ಆಕ್ಸೈಡಿನಲ್ಲಿ ಶೇಕಡಾ 7-8 ಭಾಗ ಸಿಮೆಂಟ್ ತಯಾರಿಕೆಯೊಂದರಿಂದಲೇ ಬರುತ್ತದೆ. ಸುಟ್ಟ ಇಟ್ಟಿಗೆಗೆ ಹೊಲದ ಮೇಲ್ಮಣ್ಣೂ ಹೋಗುತ್ತದೆ, ಭಟ್ಟಿಗೆ ಸೌದೆಯೂ ಹೋಗುತ್ತದೆ. ಮಳೆ ತಪ್ಪಿದರೆ ಮೊದಲು ಏಟು ತಿನ್ನುವವರು ರೈತರೇ. ಪೋಪ್ ಫ್ರಾನ್ಸಿಸ್‌ರವರು 2015ರ ತಮ್ಮ ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಸಾಮಾನ್ಯ ಮನೆ ಎಂದು ಕರೆದರು. ಆ ದೊಡ್ಡ ಮನೆಯ ಕಾಳಜಿ ನಮ್ಮ ಸಣ್ಣ ಮನೆಯ ಗೋಡೆಯಿಂದಲೇ ಶುರುವಾಗಬೇಕು.

"ಮಣ್ಣಿನ ಮನೆ ಬೀಳುತ್ತದಲ್ಲ?"

ಇದು ನ್ಯಾಯವಾದ ಪ್ರಶ್ನೆ. 2009ರ ಅಕ್ಟೋಬರ್ ಮೊದಲ ವಾರದಲ್ಲಿ ತುಂಗಭದ್ರೆ-ಕೃಷ್ಣೆಯರು ಉಕ್ಕಿದಾಗ ಕರ್ನೂಲು, ಆಲಂಪುರ ನೀರಿನಲ್ಲಿ ನಿಂತವು. ರಾಯಚೂರು, ಬಿಜಾಪುರ, ಬಾಗಲಕೋಟೆ ಕಡೆಯೂ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಅದನ್ನು ಕಂಡವರು ಮಣ್ಣೆಂದರೆ ಹೆದರುವುದು ಸಹಜ.

ಆದರೆ ಮಣ್ಣಿನ ಮನೆ ಏಕೆ ಬೀಳುತ್ತದೆ ಎಂದು ನೋಡಿ. ನದಿಯ ನೆರೆ ಒಂದು ಕಾರಣ. ನೆರೆ ಬರುವ ತಗ್ಗಿನಲ್ಲಿ ಮಣ್ಣುಗೋಡೆ ಕಟ್ಟಲೇಬಾರದು, ಇದರಲ್ಲಿ ಎರಡು ಮಾತಿಲ್ಲ. ಉಳಿದ ಊರುಗಳಲ್ಲಿ ಮನೆ ಬೀಳುವುದು ನಮ್ಮ ಅಲಕ್ಷ್ಯದಿಂದ. ವರ್ಷವರ್ಷವೂ ಸೋರಿಕೆಗೆಂದು ಹಳೆಯದನ್ನು ತೆಗೆಯದೆ ಹೊಸ ಮಣ್ಣು ಹಾಕುತ್ತೇವೆ. ಮಾಳಿಗೆಯ ಭಾರ ಏರುತ್ತದೆ. ಗೋಡೆಯೊಳಗೆ ಹುದುಗಿದ ತೊಲೆಯ ತುದಿಯನ್ನು ಗೆದ್ದಲು ತಿನ್ನುತ್ತದೆ, ನಾವು ನೋಡುವುದಿಲ್ಲ. ಬೀದಿಗೆ ಸಿಸಿ ರಸ್ತೆ ಹಾಕಿದಾಗ ಬೀದಿಯ ಮಟ್ಟ ಏರಿ ನೀರು ನಮ್ಮ ಗೋಡೆಯ ಬುಡಕ್ಕೆ ನಿಲ್ಲುತ್ತದೆ, ಕಾಲುವೆ ತೋಡುವುದಿಲ್ಲ. ಮೇಲಾಗಿ "ಗಟ್ಟಿಯಾಗಲಿ" ಎಂದು ಮಣ್ಣುಗೋಡೆಗೆ ಸಿಮೆಂಟ್ ಗಿಲಾವು ಮಾಡಿಸುತ್ತೇವೆ. ಇದು ಎಲ್ಲಕ್ಕಿಂತ ಅಪಾಯ. ಮಣ್ಣುಗೋಡೆ ಉಸಿರಾಡುವ ಗೋಡೆ. ಬುಡದಿಂದ ಏರಿದ ತೇವ ಹೊರಗೆ ಆರಬೇಕು. ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ. ತೇವ ಒಳಗೇ ಉಳಿದು ಗೋಡೆ ಮೆತ್ತಗಾಗಿ, ಒಂದು ಮಳೆಗಾಲದಲ್ಲಿ ಗಿಲಾವಿನ ಸಮೇತ ಕೂರುತ್ತದೆ. ಮಣ್ಣುಗೋಡೆಗೆ ಮಣ್ಣಿನದೋ ಸುಣ್ಣದ್ದೋ ಗಿಲಾವು ಮಾತ್ರ ಸರಿ.

ಆದ್ದರಿಂದ ಮೊದಲು ಪರೀಕ್ಷಿಸಿ. ಗೋಡೆ ಹೊಟ್ಟೆ ಉಬ್ಬಿಸಿಕೊಂಡಿದೆಯೇ? ಮೂಲೆಯಲ್ಲಿ ಬೆರಳು ತೂರುವಷ್ಟು ಬಿರುಕಿದೆಯೇ? ತೊಲೆಯ ತುದಿಗೆ ಉಳಿಯಿಂದ ಬಡಿದರೆ ಟೊಳ್ಳು ಸದ್ದು ಬರುತ್ತದೆಯೇ? ಇವು ಇದ್ದರೆ ತಿಳಿದ ಗೌಂಡಿಯನ್ನು ಕರೆಸಿ ತೋರಿಸಿ. ಅಂಥ ಭಾಗದಲ್ಲಿ ಒಂದು ರಾತ್ರಿಯೂ ಮಲಗಬೇಡಿ; ಕೆಡವಬೇಕಾದುದನ್ನು ಕೆಡವಿ. ಇವು ಇಲ್ಲದಿದ್ದರೆ ನಿಮ್ಮ ಮನೆ ಇನ್ನೂ ಒಂದು ತಲೆಮಾರು ಬಾಳುತ್ತದೆ.

2009ರ ನೆರೆಯಿಂದ ಇನ್ನೊಂದು ಪಾಠವೂ ಉಂಟು. ಅಂದು ಕರ್ನಾಟಕ ಸರ್ಕಾರ 'ಆಸರೆ' ಹೆಸರಿನಲ್ಲಿ ದಾನಿಗಳ ನೆರವಿನಿಂದ ಸಾಲುಮನೆಗಳನ್ನು ಕಟ್ಟಿಸಿತು. ಉದ್ದೇಶ ಒಳ್ಳೆಯದೇ. ಆದರೂ ಅನೇಕ ಕಡೆ ಜನ ಆ ಮನೆಗಳಿಗೆ ಹೋಗಲಿಲ್ಲ, ಹೋದವರು ತಿರುಗಿ ಬಂದರು. ದನ ಎಲ್ಲಿ ಕಟ್ಟುವುದು, ಜೋಳದ ಚೀಲ ಎಲ್ಲಿ ಒಟ್ಟುವುದು, ಮೇವು ಎಲ್ಲಿ ಇಡುವುದು? ರೈತನ ಮನೆ ಎಂದರೆ ಬರಿಯ ಮಲಗುವ ಗೂಡಲ್ಲ. ನಮ್ಮ ಹಳೆ ಮನೆಯ ಪಡಸಾಲೆ, ಕೊಟ್ಟಿಗೆ, ಹಿತ್ತಿಲು ಇವುಗಳಿಗೆ ಒಂದೊಂದು ಕೆಲಸವಿದೆ. ಅವನ್ನು ಕೆಡವಿ ಪಟ್ಟಣದ ನಕ್ಷೆ ತಂದರೆ ನಾವೂ ನಮ್ಮ ಹಿತ್ತಿಲಲ್ಲೇ ಒಂದು 'ಆಸರೆ' ಕಟ್ಟಿಕೊಂಡಂತಾಗುತ್ತದೆ.

ಹೊಸದನ್ನು ಹಳೆಯದಕ್ಕೆ ಸೇರಿಸುವ ಬಗೆ

ಎರೆ ಭೂಮಿಯವರು ಇದನ್ನು ಗಮನವಿಟ್ಟು ಓದಬೇಕು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಹಳೆ ಮನೆ ಅದರ ಮೇಲೆ ಕೂತು ಕೂತು ಒಂದು ನೆಲೆಗೆ ಬಂದಿರುತ್ತದೆ. ಹೊಸ ಗೋಡೆ ಮೊದಲ ಎರಡು-ಮೂರು ವರ್ಷ ಇನ್ನೂ ಕೂರುತ್ತಿರುತ್ತದೆ. ಎರಡನ್ನೂ ಕಚ್ಚಿಸಿ ಕಟ್ಟಿದರೆ ಒಂದು ಇನ್ನೊಂದನ್ನು ಎಳೆದು ಎರಡೂ ಬಿರಿಯುತ್ತವೆ. ಆದಕಾರಣ:

1. ಹೊಸ ಗೋಡೆಯನ್ನು ಹಳೆ ಗೋಡೆಗೆ ಕಚ್ಚಿಸಬೇಡಿ. ನಡುವೆ ಒಂದಂಗುಲ ಸಂದು ಬಿಡಿ. ಮೇಲಿನಿಂದ ನೀರು ಇಳಿಯದಂತೆ ಸಂದಿನ ಮೇಲೆ ತಗಡಿನ ಮುಚ್ಚಿಗೆ ಹಾಕಿ.

2. ಹೊಸ ಚಾವಣಿಯ ಭಾರವನ್ನು ಹಳೆ ಮಣ್ಣುಗೋಡೆಯ ಮೇಲೆ ಹೊರಿಸಬೇಡಿ. ಆ ಬದಿಗೆ ಬೇರೆ ಕಂಬ ನಿಲ್ಲಿಸಿ.

3. ಹಳೆ ಗೋಡೆಯ ಬುಡದಲ್ಲಿಯೇ ಅದಕ್ಕಿಂತ ಆಳವಾಗಿ ಪಾಯ ತೋಡಬೇಡಿ. ಮೂರ್ನಾಲ್ಕು ಅಡಿ ಬಿಟ್ಟು ತೋಡಿ. ಹತ್ತಿರವೇ ತೋಡಬೇಕಾದರೆ ನಾಲ್ಕಡಿಯಷ್ಟು ತೋಡಿ, ಕಟ್ಟಿ, ತುಂಬಿ, ಆಮೇಲೆ ಮುಂದಿನ ನಾಲ್ಕಡಿಗೆ ಹೋಗಿ.

4. ಎರೆಯಲ್ಲಿ ಪಾಯ ಗಟ್ಟಿ ಮೊರಂ ಸಿಗುವವರೆಗೆ ಇಳಿಯಲಿ. ತೋಡಿದ ಎರೆಮಣ್ಣನ್ನು ತಿರುಗಿ ಪಾಯಕ್ಕೆ ತುಂಬದೆ ಮರಳು ಅಥವಾ ಮೊರಂ ತುಂಬಿ. ನೆಲಮಟ್ಟದಲ್ಲಿ ಸುತ್ತ ಒಂದು ಕಾಂಕ್ರೀಟ್ ಪಟ್ಟಿ ಕಟ್ಟಿ. ಸಿಮೆಂಟನ್ನು ಇಂಥ ಬೇಕಾದ ಕಡೆ ಧಾರಾಳವಾಗಿ ಬಳಸಿ, ಬೇಡವಾದ ಕಡೆ ಉಳಿಸಿ.

5. ಹಳೆ ಮಾಳಿಗೆಯ ನೀರು ಹೊಸ ಗೋಡೆಗೆ ಬಡಿಯದಂತೆ ಮೊದಲೇ ದೋಣಿ ಕಟ್ಟಿಸಿ.

ಗೋಡೆಗೆ ನಮ್ಮ ಮಣ್ಣೇ ಸಾಕು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಹುಟ್ಟಿತು. ವಿಜ್ಞಾನ ಹಳ್ಳಿಗೆ ಬರಬೇಕೆಂಬುದೇ ಅದರ ಗುರಿ. ಪ್ರೊಫೆಸರ್ ಎ.ಕೆ.ಎನ್. ರೆಡ್ಡಿಯವರು ಅದನ್ನು ಮುನ್ನಡೆಸಿದರು, ಪ್ರೊಫೆಸರ್ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಸುಡದೆ ಮಾಡುವ ಒತ್ತು ಮಣ್ಣಿಟ್ಟಿಗೆಯನ್ನು ಬಳಕೆಗೆ ತಂದರು. ಮಣ್ಣಿಗೆ ಶೇಕಡಾ 5ರಿಂದ 8 ಭಾಗ ಸಿಮೆಂಟ್ ಬೆರೆಸಿ, ಅಳತೆಯ ನೀರು ಚಿಮುಕಿಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ ತೆಗೆದರೆ ಇಟ್ಟಿಗೆ ಸಿದ್ಧ. ಮೂರು ವಾರ ಒದ್ದೆ ಹುಲ್ಲು ಮುಚ್ಚಿ ನೆನೆಸಬೇಕು. ಬೆಂಕಿ ಬೇಡ, ಸೌದೆ ಬೇಡ. 23×19×10 ಸೆಂ.ಮೀ. ಅಳತೆಯ ಇಟ್ಟಿಗೆಗೆ ಶೇಕಡಾ 7ರಂತೆ ಹಾಕಿದರೂ ಒಂದು ಚೀಲ ಸಿಮೆಂಟಿಗೆ ಎಂಬತ್ತಕ್ಕೂ ಹೆಚ್ಚು ಇಟ್ಟಿಗೆ ಆಗುತ್ತವೆ. ಮನೆಯ ನಾಲ್ಕು ಆಳು ಸೇರಿದರೆ ಕೂಲಿಯೂ ಮನೆಯಲ್ಲೇ ಉಳಿಯುತ್ತದೆ.

ಆದರೆ ಎಲ್ಲ ಮಣ್ಣೂ ಆಗದು. ಎರೆಮಣ್ಣು ಖಂಡಿತ ಬೇಡ. ಕೆಂಪು ಮಸಾರಿ ಮಣ್ಣು ಉತ್ತಮ. ಗೊತ್ತುಮಾಡಿಕೊಳ್ಳಲು ಗಾಜಿನ ಬಾಟಲಿಯ ಮೂರನೆಯ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ಅಡಿಗೆ ಮರಳು, ಮೇಲೆ ಸಣ್ಣ ಹುಡಿ, ಎಲ್ಲದರ ಮೇಲೆ ಜೇಡಿ ಪದರಪದರವಾಗಿ ನಿಲ್ಲುತ್ತದೆ. ಮರಳು ಸುಮಾರು ಮೂರರಲ್ಲಿ ಎರಡು ಭಾಗ, ಜೇಡಿ ಹತ್ತರಿಂದ ಹದಿನೈದು ಭಾಗದಷ್ಟು ಇದ್ದರೆ ಒಳ್ಳೆಯದು. ಜೇಡಿ ಹೆಚ್ಚಾದರೆ ಮರಳು ಬೆರೆಸಿ. ಮೇಲಿನ ಒಂದಡಿ ಮಣ್ಣನ್ನು ಇಟ್ಟಿಗೆಗೆ ತೆಗೆಯಬೇಡಿ. ಅದು ಬೆಳೆಯ ಅನ್ನ. ಕೆತ್ತಿ ಹೊಲಕ್ಕೆ ಹರಡಿ, ಕೆಳಗಿನದನ್ನು ಬಳಸಿ.

ಕೆಡವಿದ ಭಾಗದ ಕಲ್ಲು, ತೊಲೆ, ಬಾಗಿಲು-ಚೌಕಟ್ಟು ಯಾವುದನ್ನೂ ಗುಜರಿಗೆ ಕೊಡಬೇಡಿ. ನಮ್ಮ ಪಕ್ಕದ ಆಲಂಪುರವನ್ನೇ ನೋಡಿ. ಶ್ರೀಶೈಲ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಲಿದ್ದ ಕೂಡವೆಲ್ಲಿಯ ಸಂಗಮೇಶ್ವರ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಆಲಂಪುರದಲ್ಲಿ ಮತ್ತೆ ನಿಲ್ಲಿಸಿದರು. ಬಾದಾಮಿ ಚಾಲುಕ್ಯರ ಕಾಲದ ಕಲ್ಲು ಇಂದಿಗೂ ಕೆಲಸಕ್ಕೆ ಬಂದರೆ, ಅಜ್ಜನ ಕಾಲದ ಕಲ್ಲು ಬಾರದೇ?

ಚಾವಣಿಗೆ ಎರಡು ದಾರಿಗಳಿವೆ. ಒಂದು, ತೊಲೆಗಳ ಮೇಲೆ ಶಹಾಬಾದ್, ತಾಂಡೂರು ಅಥವಾ ಬೇತಂಚೆರ್ಲದ ಕಲ್ಲುಹಾಸು ಕೂಡಿಸಿ ಮೇಲೆ ಸುಣ್ಣದ ಗಾರೆ ಹಾಕುವುದು. ಇನ್ನೊಂದು, ಲಾರಿ ಬೇಕರ್‌ರವರು ಕೇರಳದಲ್ಲಿ ಬೆಳೆಸಿದ ದಾರಿ. 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಕುಷ್ಠರೋಗಿಗಳ ಸೇವೆಗೆಂದು ಭಾರತಕ್ಕೆ ಬಂದ ಈ ವಾಸ್ತುಶಿಲ್ಪಿ 2007ರಲ್ಲಿ ತೀರಿಕೊಳ್ಳುವವರೆಗೆ ಬಡವರಿಗೆ ಹಗುರ ಖರ್ಚಿನ ಮನೆ ಕಟ್ಟುತ್ತಲೇ ಇದ್ದರು. ಸುತ್ತಲ ಐದು ಮೈಲಿಯೊಳಗೆ ಸಿಗುವ ವಸ್ತುವಿನಿಂದ ಮನೆ ಕಟ್ಟಬೇಕೆಂಬ ಗಾಂಧೀಜಿಯ ಮಾತು ತಮಗೆ ದಾರಿ ತೋರಿಸಿತೆಂದು ಅವರು ಹೇಳುತ್ತಿದ್ದರು. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟು ಹೆಚ್ಚು ಭಾರ ಹೊರುವುದಿಲ್ಲ. ಆದ್ದರಿಂದ ಸರಳುಗಳ ನಡುವೆ ಹಳೆ ಮಂಗಳೂರು ಹೆಂಚುಗಳನ್ನು ಜೋಡಿಯಾಗಿಟ್ಟು ಕಾಂಕ್ರೀಟ್ ಸುರಿಯುತ್ತಾರೆ. ಕಾಂಕ್ರೀಟು ಉಳಿಯುತ್ತದೆ, ಹೆಂಚಿನೊಳಗಿನ ಗಾಳಿಯಿಂದ ಕೋಣೆ ತಂಪಾಗುತ್ತದೆ. ಸರಳಿನ ಲೆಕ್ಕವನ್ನು ಮಾತ್ರ ಇಂಜಿನಿಯರರಿಂದ ಬರೆಸಿಕೊಳ್ಳಿ. ಯಾವ ಚಾವಣಿಯಾದರೂ ಪ್ರತಿ ಬೇಸಿಗೆಗೆ ಮುಂಚೆ ಮೇಲೆ ಬಿಳಿ ಸುಣ್ಣ ಬಳಿಯಿರಿ. ಆಸ್ಬೆಸ್ಟಾಸ್ ತಗಡು ಅಗ್ಗವೆಂದು ತರಬೇಡಿ. ಅದನ್ನು ಕೊಯ್ದಾಗ, ಒಡೆದಾಗ ಏಳುವ ನಾರಿನ ಧೂಳು ಪುಪ್ಪುಸಕ್ಕೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಹೊಸ ಕೋಣೆಯಿಂದ ಆರೋಗ್ಯ

ಹಳೆ ಮನೆಯ ಗುಣ ಹೇಳಿದ ಮೇಲೆ ಅದರ ದೋಷವನ್ನೂ ಹೇಳಬೇಕು. ಅದನ್ನು ತಿದ್ದುವುದಕ್ಕೇ ಈ ಹೊಸ ಅಂಕಣ.

ಮೊದಲನೆಯದು ಹೊಗೆ. ಮನೆಯೊಳಗಿನ ಅಡುಗೆ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಗ್ಯಾಸ್ ಬಂದಿದ್ದರೂ ಸ್ನಾನದ ನೀರಿಗೆ, ರೊಟ್ಟಿಗೆ ಹತ್ತಿಕಟ್ಟಿಗೆಯ ಒಲೆ ಇನ್ನೂ ಉರಿಯುತ್ತಿದೆ. ಹೊಸ ಅಡುಗೆಮನೆಗೆ ಹೊಗೆಕೊಳವೆ ಇರುವ ಅಸ್ತ್ರ ಒಲೆ ಹಾಕಿಸಿ. ಎದುರುಬದುರು ಕಿಟಕಿ ಇಡಿ. ಕೊಳವೆಯನ್ನು ತಿಂಗಳಿಗೊಮ್ಮೆ ಬಡಿದು ಮಸಿ ತೆಗೆಯಿರಿ. ಇಲ್ಲದಿದ್ದರೆ ಹೊಗೆ ತಿರುಗಿ ಒಳಗೇ ಬರುತ್ತದೆ.

ಎರಡನೆಯದು ಔಷಧಿಯ ಡಬ್ಬಿ. ನಮ್ಮ ಗದ್ವಾಲ ಸೀಮೆ ಹತ್ತಿ ಬೀಜೋತ್ಪಾದನೆಗೆ ಹೆಸರಾದುದು. ಹತ್ತಿ ಇದ್ದ ಕಡೆ ಕೀಟನಾಶಕ ಇದ್ದೇ ಇದೆ. ಅದನ್ನು ಇಡುವುದೆಲ್ಲಿ? ಮಂಚದ ಕೆಳಗೆ, ಜೋಳದ ಚೀಲದ ಪಕ್ಕದಲ್ಲಿ, ನಾಗೊಂದಿಗೆಯ ಮೇಲೆ. ಕೂಸು ಕುಡಿದ ಸುದ್ದಿ, ಮನೆಯಲ್ಲಿ ಜಗಳವಾಡಿ ಸಿಟ್ಟಿನ ಭರದಲ್ಲಿ ಯಾರೋ ಕುಡಿದ ಸುದ್ದಿ ನಾವು ಕೇಳುತ್ತಲೇ ಇರುತ್ತೇವೆ. ಕೈಗೆ ಸಿಗದಂತೆ ಬೀಗದೊಳಗೆ ಇದ್ದಿದ್ದರೆ ಆ ಸಿಟ್ಟು ಇಳಿಯುವಷ್ಟು ಹೊತ್ತು ಸಿಗುತ್ತಿತ್ತು, ಒಂದು ಜೀವ ಉಳಿಯುತ್ತಿತ್ತು. ನೀವು ಬೇರೇನನ್ನು ಕಟ್ಟದಿದ್ದರೂ, ಮಲಗುವ ಮತ್ತು ಅಡುಗೆಯ ಜಾಗದಿಂದ ದೂರ, ಹೊರಗಿನಿಂದ ಬಾಗಿಲಿರುವ, ಗಾಳಿಯಾಡುವ, ಬೀಗ ಹಾಕುವ ನಾಲ್ಕಡಿಯ ಒಂದು ಗೂಡನ್ನು ಔಷಧಿಗೆಂದು ಕಟ್ಟಿ. ಇದು ಈ ಲೇಖನದ ಮುಖ್ಯ ಬೇಡಿಕೆ.

ಮೂರನೆಯದು ಶೌಚಾಲಯ. ಎರಡು ಗುಂಡಿಯ ಪದ್ಧತಿ ಒಳ್ಳೆಯದು. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಎರಡು ವರ್ಷ ಮುಚ್ಚಿಟ್ಟರೆ ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಕುಡಿಯುವ ನೀರಿನ ಬಾವಿ-ಬೋರಿನಿಂದ ಕನಿಷ್ಠ 30-35 ಅಡಿ ದೂರವಿರಲಿ, ಇನ್ನೂ ದೂರವಾದರೆ ಇನ್ನೂ ಒಳ್ಳೆಯದು. ಎರೆಮಣ್ಣು ನೀರು ಹೀರುವುದಿಲ್ಲವಾದ್ದರಿಂದ ಗುಂಡಿಯ ಸುತ್ತ ಒಂದಡಿ ಮರಳು ತುಂಬಬೇಕು. ಬಚ್ಚಲಿನ ನೀರನ್ನು ಬೀದಿಗೆ ಬಿಡದೆ ಬಾಳೆ, ನುಗ್ಗೆಯ ಪಾತಿಗೆ ಹರಿಸಿ, ಸೊಳ್ಳೆ ಕಡಿಮೆಯಾಗುತ್ತದೆ.

ನಾಲ್ಕನೆಯದು ನೀರು. 20×12 ಅಡಿಯ ಚಾವಣಿ ಎಂದರೆ ಸುಮಾರು 22 ಚದರ ಮೀಟರು. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರು. ವರ್ಷಕ್ಕೆ 600 ಮಿ.ಮೀ. ಮಳೆಯಾದರೆ 13 ಸಾವಿರ ಲೀಟರು. ಐದರಲ್ಲೊಂದು ಭಾಗ ಪೋಲಾದರೂ 10 ಸಾವಿರ ಲೀಟರು ಕೈಗೆ ಸಿಗುತ್ತದೆ. ಬೋರಿನ ನೀರಿನಲ್ಲಿ ಫ್ಲೋರೈಡ್ ಇರುವ ಊರಿನವರಿಗೆ ಈ ನೀರು ವರದಾನ. ಮೊದಲ ಮಳೆಯ ನೀರನ್ನು ಬಿಟ್ಟು, ಚಾವಣಿ ಗುಡಿಸಿ, ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ಹಿಡಿಯಿರಿ. ಕುಡಿಯುವುದಾದರೆ ಕಾಯಿಸಿ ಕುಡಿಯಿರಿ.

ಜಾಗದ ಆಯ್ಕೆಯಲ್ಲೂ ಎಚ್ಚರವಿರಲಿ. ಸಂಜೆಯ ಬಿಸಿಲು ಬಡಿಯುವ ಪಡುವಣಕ್ಕೆ ಉಗ್ರಾಣ, ಬಚ್ಚಲು ಇರಲಿ. ಮಲಗುವ ಕೋಣೆ ಮೂಡಣಕ್ಕೋ ಬಡಗಣಕ್ಕೋ ಇರಲಿ. ಬೇವು, ಹೊಂಗೆ ನೆಡಿ. ಆದರೆ ಎರೆ ಭೂಮಿಯಲ್ಲಿ ಮರದ ಬೇರು ತೇವ ಹೀರಿ ಪಾಯ ಬಿರಿಸುವುದರಿಂದ, ಮರ ಎಷ್ಟು ಎತ್ತರ ಬೆಳೆಯುವುದೋ ಅಷ್ಟು ದೂರ ನೆಡಿ.

ಗೌರವದ ಪ್ರಶ್ನೆ

ಇಷ್ಟೆಲ್ಲ ತಿಳಿದಿದ್ದರೂ ನಮ್ಮನ್ನು ತಡೆಯುವುದು ಒಂದೇ ಮಾತು: "ಮಣ್ಣಿನ ಮನೆಗೆ ಯಾರು ಹೆಣ್ಣು ಕೊಡುತ್ತಾರೆ?" ಈ ಮಾತನ್ನು ತಳ್ಳಿಹಾಕಲಾಗದು. ಆದರೆ ಹೆಣ್ಣು ಕೊಡುವವರೂ ಯೋಚಿಸಬೇಕು. ಮಗಳಿಗೆ ಬೇಕಾಗಿರುವುದು ಬೀದಿಗೆ ಕಾಣುವ ಬಣ್ಣದ ಗೋಡೆಯೋ, ಮನೆಯೊಳಗಿನ ಶೌಚಾಲಯವೋ? ಸಾಲವಿರುವ ಸ್ಲ್ಯಾಬಿನ ಮನೆಯಲ್ಲಿ ಬಡ್ಡಿಯ ಚಿಂತೆಯೋ, ಸಾಲವಿಲ್ಲದ ಮಾಳಿಗೆಯಲ್ಲಿ ನೆಮ್ಮದಿಯ ನಿದ್ದೆಯೋ? ಬೀಗರ ಮನೆ ನೋಡಲು ಹೋದಾಗ ಚಾವಣಿ ನೋಡುವ ಮೊದಲು ಅಡುಗೆಮನೆಯ ಹೊಗೆ ನೋಡಿ, ಬಚ್ಚಲು ನೋಡಿ, ಔಷಧಿ ಎಲ್ಲಿಟ್ಟಿದ್ದಾರೆಂದು ನೋಡಿ.

ತೆಲಂಗಾಣದಲ್ಲಿ 2024ರಲ್ಲಿ ಆರಂಭವಾದ ಇಂದಿರಮ್ಮ ಮನೆ ಯೋಜನೆಯಲ್ಲಿ 5 ಲಕ್ಷ ರೂಪಾಯಿ ನೆರವು ಹಂತಹಂತವಾಗಿ ಸಿಗುತ್ತದೆ. ಅದಕ್ಕೆ ಅರ್ಜಿ ಹಾಕುವವರು ಅಳತೆ, ಗೋಡೆ, ಚಾವಣಿಗಳ ನಿಯಮವನ್ನು ಅಧಿಕಾರಿಗಳಲ್ಲಿ ಮೊದಲೇ ಕೇಳಿ ಪಾಯ ಹಾಕಿ. ಅರ್ಧಕ್ಕೆ ನಿಂತ ಮನೆಗಿಂತ ದೊಡ್ಡ ಹೊರೆ ರೈತನಿಗೆ ಇನ್ನೊಂದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಮಾತು ಮನೆಗೂ ಅನ್ವಯಿಸುತ್ತದೆ. ಸುಗ್ಗಿ ಮುಗಿದು ಕೈ ಬಿಡುವಾದ ಮೇಲೆ, ಜನವರಿ-ಫೆಬ್ರವರಿಯಲ್ಲಿ ಇಟ್ಟಿಗೆ ಒತ್ತಿ, ಮಾರ್ಚಿನಲ್ಲಿ ಗೋಡೆ ಎಬ್ಬಿಸಿ, ಮಿರಗದ ಮಳೆಗೆ ಮುಂಚೆ ಚಾವಣಿ ಮುಗಿಸಿ. ಅದಕ್ಕೂ ಮೊದಲು, ಇದೇ ವಾರದಲ್ಲಿ ಒಂದು ಸಂಜೆ ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಕುಳಿತು, ನಮಗೆ ನಿಜಕ್ಕೂ ಎಷ್ಟು ಜಾಗ ಬೇಕು ಎಂದು ಮಾತಾಡಿ. ಆ ಮಾತಿನಲ್ಲಿ ಅತ್ತೆ-ಸೊಸೆಯರ ಮಾತಿಗೆ ಮೊದಲ ಸ್ಥಾನ ಕೊಡಿ. ಮನೆಯಲ್ಲಿ ಹೆಚ್ಚು ಹೊತ್ತು ಬಾಳುವವರು ಅವರೇ.